ಆರನೆಯ ಬೋಲ್ಟು

ಮಗನ ಮನೆ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸನ್ನಿವೇಲ್ ಎಂಬ ಊರಿನಲ್ಲಿ. ಅಲ್ಲಿಗೆ ಹೋದರೆ ನನಗೂ ನನ್ನಾಕೆಗೂ ಹೆಚ್ಚು ಕೆಲಸವಿರುವುದಿಲ್ಲ. ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ಒಂದು ನಿದ್ದೆ, ಸಂಜೆ ಮೊಮ್ಮಕ್ಕಳ ಗಲಾಟೆ. ಕಳೆದ ಸಲ ಹೋದಾಗ ಮಾತ್ರ ನನಗೊಂದು ಕೆಲಸ ಸಿಕ್ಕಿತು. ಮಗನ ಕಾರಿನ ಹಿಂದೆ ಸೈಕಲ್ ಹೊರುವ ಕೊಂಡಿ ಕೂರಿಸುವಾಗ ಲೆಕ್ಕ ಬರೆಯುವ ಕೆಲಸ. ಅದರಲ್ಲಿ ನಾನೊಂದು ತಪ್ಪು ಮಾಡಿದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ತಪ್ಪನ್ನು ಹಿಡಿದವಳು ಒಂಬತ್ತು ವರ್ಷದ ನನ್ನ ಮೊಮ್ಮಗಳು.

ಮೊಮ್ಮಗನಿಗೆ ಹನ್ನೆರಡು ವರ್ಷ. ಅವನಿಗೂ ಪುಟ್ಟಿಗೂ ಸೈಕಲ್ ಎಂದರೆ ಪ್ರಾಣ. ಆದರೆ ಮನೆಯ ಮುಂದಿನ ರಸ್ತೆಯಲ್ಲಿ ಕಾರುಗಳ ಓಡಾಟ. ಸೈಕಲ್ಲಿಗೆಂದೇ ಮಾಡಿರುವ ದಾರಿಗಳು ಸುತ್ತಮುತ್ತ ಬೇಕಾದಷ್ಟಿವೆ. ಅಲ್ಲಿಗೆ ಹೋಗಬೇಕೆಂದರೆ ಸೈಕಲ್ಲನ್ನೇ ಕಾರಿನ ಮೇಲೆ ಹೊರಿಸಿಕೊಂಡು ಹೋಗಬೇಕು. ಮಗ ಮೊದಲು ತಂದದ್ದು ಡಿಕ್ಕಿಯ ಮುಚ್ಚಳಕ್ಕೆ ಪಟ್ಟಿಗಳಿಂದ ಬಿಗಿಯುವ ಒಂದು ಸ್ಟ್ಯಾಂಡು. ಎರಡು ಸಲ ಸರಿಹೋಯಿತು. ಮೂರನೆಯ ಸಲ ದೊಡ್ಡ ಹೆದ್ದಾರಿಯಲ್ಲಿ ಹೋಗುತ್ತಿರುವಾಗ ಪಕ್ಕದ ಲಾರಿಯವನು ಒಂದೇ ಸಮನೆ ಹಾರನ್ ಹೊಡೆದು ನಮ್ಮ ಹಿಂದಕ್ಕೆ ಕೈ ತೋರಿಸಿದ. ಅಲ್ಲಿ ಹಾರನ್ ಹೊಡೆಯುವುದೇ ಅಪರೂಪ. ಮಗ ಗಾಬರಿಯಾಗಿ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ.

ಪಟ್ಟಿ ಸಡಿಲವಾಗಿ ಪುಟ್ಟಿಯ ಸೈಕಲ್ ಒಂದೇ ಕಡೆ ಜೋತುಬಿದ್ದಿತ್ತು. ಅದರ ಮುಂದಿನ ಚಕ್ರ ಸೈಲೆನ್ಸರ್ ಕೊಳವೆಯ ಬಾಯಿಗೆ ಬಂದು, ಬಿಸಿಗೆ ಟೈರು ಕರಗಿ ಹೋಗಿತ್ತು. ಪುಟ್ಟಿ ಟೈರು ನೋಡಿ ಅತ್ತಳು. ನನಗೆ ಕಂಡದ್ದು ಬೇರೆ. ಉಳಿದ ಇನ್ನೊಂದು ಪಟ್ಟಿಯೂ ಬಿಚ್ಚಿಕೊಂಡಿದ್ದರೆ ಆ ಸೈಕಲ್ ನಮ್ಮ ಹಿಂದೆ ಬರುತ್ತಿದ್ದ ಯಾರದೋ ಕಾರಿನ ಗಾಜಿಗೆ ಬಡಿಯುತ್ತಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

"ಸೀಟು ಮಡಚಿ ಸೈಕಲ್ಲನ್ನು ಒಳಗೇ ಇಡಬಾರದೇನೋ?" ಎಂದು ಮಗನನ್ನು ಕೇಳಿದೆ.

"ಇದು ಹೈಬ್ರಿಡ್ ಕಾರಪ್ಪ. ಹಿಂದಿನ ಸೀಟಿನ ಬೆನ್ನಿಗೇ ದೊಡ್ಡ ಬ್ಯಾಟರಿ ಇದೆ. ಜಾಗ ಎಲ್ಲಿಂದ ಬರಬೇಕು?" ಎಂದ.

ಹೈಬ್ರಿಡ್ ಎಂದರೇನು ಎಂದು ಮೊಮ್ಮಗ ಕೇಳಿದಾಗ ನನಗೆ ನಮ್ಮ ಕಾಲದ ಸೈಕಲ್ ಡೈನಮೋ ನೆನಪಾಯಿತು. ಓದುಗರಲ್ಲಿ ಅಜ್ಜಂದಿರಿಗೆ ಅದು ಗೊತ್ತಿರುತ್ತದೆ. ಕತ್ತಲಾದ ಮೇಲೆ ಡೈನಮೋವನ್ನು ಟೈರಿಗೆ ತಾಗಿಸಿದರೆ ದೀಪ ಹತ್ತುತ್ತಿತ್ತು. ಜೊತೆಗೆ ಪೆಡಲ್ ಭಾರವಾಗುತ್ತಿತ್ತು. ಯಾಕೆಂದರೆ ಕರೆಂಟು ಪುಕ್ಕಟೆ ಬರುವುದಿಲ್ಲ, ನಮ್ಮ ಕಾಲಿನ ಬಲವೇ ಕರೆಂಟಾಗುತ್ತಿತ್ತು. ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ವಿದ್ಯುತ್ ಮೋಟಾರೂ ಇದೆ. ಬ್ರೇಕ್ ಒತ್ತಿದಾಗ ಆ ಮೋಟಾರು ಡೈನಮೋ ಆಗುತ್ತದೆ. ಓಡುವ ಚಕ್ರವೇ ಅದನ್ನು ತಿರುಗಿಸುತ್ತದೆ, ಕರೆಂಟು ಬ್ಯಾಟರಿಗೆ ಹೋಗುತ್ತದೆ, ಭಾರಕ್ಕೆ ಕಾರು ನಿಧಾನವಾಗುತ್ತದೆ. ಮತ್ತೆ ಹೊರಡುವಾಗ ಅದೇ ಕರೆಂಟು ಕಾರನ್ನು ಮುಂದಕ್ಕೆ ತಳ್ಳುತ್ತದೆ. "ಹಾಗಾದರೆ ಇದು ಉಳಿತಾಯ ಖಾತೆ ತಾತಾ!" ಎಂದ ಮೊಮ್ಮಗ. ನನಗೆ ಖುಷಿಯಾಯಿತು.

ಕೊನೆಗೆ ಮಗ ತೀರ್ಮಾನಿಸಿದ್ದು ಹಿಚ್ ಹಾಕುವುದೆಂದು. ನಮ್ಮಲ್ಲಿ ಟ್ರ್ಯಾಕ್ಟರಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿ ಇರುತ್ತದಲ್ಲ, ಅದೇ ಜಾತಿಯದು. ಕಾರಿನ ಹಿಂಭಾಗದ ಅಡಿಯಲ್ಲಿ, ಚೌಕಟ್ಟಿನ ಉಕ್ಕಿಗೇ ಬೋಲ್ಟು ಹಾಕಿ ಬಿಗಿಯುವ ಒಂದು ಅಡ್ಡ ತೊಲೆ. ಅದರ ನಡುವೆ ಒಂದೂಕಾಲು ಅಂಗುಲದ ಚೌಕ ಬಾಯಿ. ಸೈಕಲ್ ಸ್ಟ್ಯಾಂಡಿನ ಕಾಲನ್ನು ಆ ಬಾಯಿಗೆ ತೂರಿಸಿ ಅಡ್ಡಕ್ಕೊಂದು ಕಬ್ಬಿಣದ ಪಿನ್ನು ಹಾಕಿದರೆ ಮುಗಿಯಿತು. ಸೈಕಲ್ಲುಗಳು ಡಿಕ್ಕಿಗೆ ನೇತಾಡದೆ, ತಮ್ಮ ಚಕ್ರಗಳ ಮೇಲೆಯೇ ಸ್ಟ್ಯಾಂಡಿನಲ್ಲಿ ನಿಲ್ಲುತ್ತವೆ.

ನಾನು ಕಾರಿನ ಕೈಪಿಡಿಯನ್ನು ಎರಡು ಸಲ ಓದಿದೆ. ಟ್ರೈಲರ್ ಎಳೆಯುವುದಕ್ಕೆ ಈ ಕಾರಲ್ಲ ಎಂದು ಅದರಲ್ಲಿತ್ತು. "ನಾವೇನು ಟ್ರೈಲರ್ ಎಳೀತೀವಾ ಅಪ್ಪ?" ಎಂದ ಮಗ. "ಎಳೆಯದಿದ್ದರೂ ಹೊರಿಸುತ್ತೀವಲ್ಲ!" ಎಂದೆ ನಾನು. ಎರಡು ದಿನ ಚರ್ಚೆ ನಡೆಯಿತು. ಕೊಂಡಿ ಮಾಡಿದವರ ಕಾಗದದಲ್ಲಿ ಈ ಕಾರಿನ ಮಾದರಿ ಮತ್ತು ವರ್ಷ ಇದೆಯೇ ಎಂದು ನೋಡಿದೆವು, ಇತ್ತು. ಕೊಂಡಿಯ ಮೇಲೆ ನೇರ ಭಾರ 200 ಪೌಂಡು, ಅಂದರೆ ಸುಮಾರು 90 ಕಿಲೋ ಮೀರಬಾರದು ಎಂದೂ ಇತ್ತು. ಟ್ರೈಲರನ್ನು ಎಂದೆಂದಿಗೂ ಸಿಕ್ಕಿಸುವುದಿಲ್ಲ ಎಂದು ಮಗನಿಂದ ಮಾತು ತೆಗೆದುಕೊಂಡೆ.

ಆಮೇಲೆ ಅವನು ನಾಲ್ಕು ಸೈಕಲ್ಲಿನ ಸ್ಟ್ಯಾಂಡು ತರುತ್ತೇನೆ ಎಂದ. ನಾನು ನೋಟ್‌ಬುಕ್ ತೆಗೆದೆ. ಎರಡು ಸೈಕಲ್ಲಿನ ಸ್ಟ್ಯಾಂಡು 38 ಪೌಂಡು, ಮೊಮ್ಮಗನ ಸೈಕಲ್ 28, ಪುಟ್ಟಿಯದು 24. ಒಟ್ಟು 90 ಪೌಂಡು. ನಾಲ್ಕು ಸೈಕಲ್ಲಿನ ಲೆಕ್ಕ ಮಾಡಿದರೆ 180ರ ಹತ್ತಿರ ಹೋಗುತ್ತಿತ್ತು. "200ರ ಒಳಗೇ ಇದೆಯಲ್ಲ ತಾತಾ" ಎಂದ ಮೊಮ್ಮಗ. ನಾನು ಅವನ ಕೈಗೆ ತುಂಬಿದ ಬಕೆಟ್ ಕೊಟ್ಟೆ. ಮೈಗೆ ಒತ್ತಿ ಹಿಡಿದುಕೊಂಡ. ಈಗ ಕೈ ಮುಂದಕ್ಕೆ ಚಾಚಿ ಹಿಡಿ ನೋಡೋಣ ಎಂದೆ. ಅರ್ಧ ನಿಮಿಷಕ್ಕೆ ಕೆಳಗಿಟ್ಟ. ನೀರು ಅಷ್ಟೇ ಇದೆ, ದೂರ ಹೋದಷ್ಟೂ ಎಳೆತ ಹೆಚ್ಚು. ನಾಲ್ಕನೆಯ ಸೈಕಲ್ ಕೊಂಡಿಯಿಂದ ಬಹಳ ದೂರದಲ್ಲಿ ನಿಲ್ಲುತ್ತದೆ. ರಸ್ತೆಯ ಒಂದೊಂದು ಕುಲುಕಿಗೂ ಕೊಂಡಿಯನ್ನು ಮೀಟುತ್ತದೆ. ಹಾಗಾಗಿ ಎರಡೇ ಸೈಕಲ್, ಅವು ಮಕ್ಕಳವೇ ಎಂದು ಠರಾವಾಯಿತು. ದೊಡ್ಡವರು ನಡೆಯಬೇಕು.

ಒಂದು ಭಾನುವಾರ ಮನೆಯ ಮುಂದೆ ಕೆಲಸ ಶುರುವಾಯಿತು. ಹೈಬ್ರಿಡ್ ಕಾರಿನ ಒಂದು ಅಪಾಯವೆಂದರೆ ಅದು ಸದ್ದಿಲ್ಲದೆ ಚಾಲೂ ಇರುತ್ತದೆ. ನಿಂತಿದೆ ಎಂದುಕೊಂಡಿರುತ್ತೇವೆ, ಎಂಜಿನ್ ತಾನೇ ಎದ್ದುಬಿಡಬಹುದು. ಆದ್ದರಿಂದ ಕಾರಿನಡಿಗೆ ಹೋಗುವ ಮುಂಚೆ ಕೀಲಿಯನ್ನು ದೂರ ಇಡಬೇಕು. ಮಗ ಕಾರನ್ನು ಪೂರ್ತಿ ಆರಿಸಿ ಕೀಲಿಯನ್ನು ಅವನ ಅಮ್ಮನ ಕೈಗೆ ಕೊಟ್ಟ. ಆಕೆ ಅದನ್ನು ಒಳಗೆ ಒಯ್ದು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದಳು. ಕಾರಿನ ಹಿಂಭಾಗವನ್ನು ಜಾಕ್‌ನಿಂದ ಎತ್ತಿ, ಕೆಳಗೆ ಎರಡು ಉಕ್ಕಿನ ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರಗಳಿಗೆ ಅಡ್ಡಕಲ್ಲು ಇಟ್ಟೆವು. ಮಕ್ಕಳು ಗೆರೆ ದಾಟಿ ಒಳಗೆ ಬರಬಾರದು ಎಂದು ಸೀಮೆಸುಣ್ಣದಲ್ಲಿ ನೆಲಕ್ಕೆ ಗೆರೆ ಎಳೆದೆ. ಮಗ ಅಡಿಗೆ ತೂರಿ ಟಾರ್ಚ್ ಬಿಟ್ಟು ಕಿತ್ತಳೆ ಬಣ್ಣದ ದಪ್ಪ ತಂತಿ ತೋರಿಸಿದ. ಅದರಲ್ಲಿ 200 ವೋಲ್ಟ್‌ಗೂ ಹೆಚ್ಚು ವಿದ್ಯುತ್ ಹರಿಯುತ್ತದೆ. ಎಲ್ಲ ಹೈಬ್ರಿಡ್ ಕಾರುಗಳಲ್ಲೂ ಕಿತ್ತಳೆ ಬಣ್ಣವೆಂದರೆ ಮುಟ್ಟಬೇಡ ಎಂದರ್ಥ.

ಸೈಲೆನ್ಸರ್ ರಬ್ಬರ್ ಬಳೆಗಳಲ್ಲಿ ನೇತಾಡುತ್ತಿರುತ್ತದೆ. ಸೋಪಿನ ನೀರು ಹಚ್ಚಿ ಬಳೆಗಳನ್ನು ಜಾರಿಸಿ ಅದನ್ನು ಕೆಳಗಿಳಿಸಿದ. ಬೋಲ್ಟುಗಳನ್ನು ಉಕ್ಕಿನ ತೊಲೆಯ ಒಳಗಿನಿಂದ ಹೊರಕ್ಕೆ ತರಬೇಕು, ಒಳಗೆ ಕೈ ಹೋಗುವುದಿಲ್ಲ. ಅದಕ್ಕೆ ತುದಿಯಲ್ಲಿ ಸುರುಳಿ ಇರುವ ಒಂದು ತಂತಿ ಕೊಟ್ಟಿದ್ದರು. ಬೋಲ್ಟನ್ನು ಸುರುಳಿಗೆ ತಿರುಗಿಸಿ, ಒಂದು ತೂತಿನಿಂದ ಒಳಗೆ ಬಿಟ್ಟು, ಇನ್ನೊಂದರಿಂದ ಎಳೆದುಕೊಳ್ಳಬೇಕು. "ಲಂಗಕ್ಕೆ ಲಾಡಿ ಪೋಣಿಸೋ ಹಾಗೇ ಇದೆಯಲ್ಲ!" ಎಂದಳು ನನ್ನಾಕೆ ಬಾಗಿಲಲ್ಲಿ ನಿಂತು.

ಒಟ್ಟು ಆರು ಬೋಲ್ಟು, ಬದಿಗೆ ಮೂರರಂತೆ. ಬಿಗಿಯುವುದಕ್ಕೆ ಟಾರ್ಕ್ ರೆಂಚ್ ಎಂಬ ವಿಶೇಷ ಸ್ಪ್ಯಾನರ್ ಇತ್ತು. ಕಾಗದದಲ್ಲಿ ಹೇಳಿದ ಅಳತೆಯ ಬಿಗಿ ಬಂದ ಕೂಡಲೇ ಅದು 'ಟಕ್' ಎನ್ನುತ್ತದೆ. ನಾನು ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಒಂದರಿಂದ ಆರು ಬರೆದುಕೊಂಡು, 'ಟಕ್' ಕೇಳಿದಾಗಲೆಲ್ಲ ಟಿಕ್ ಹಾಕುತ್ತಿದ್ದೆ. ಐದಾಯಿತು. ಅಷ್ಟರಲ್ಲಿ ಮಗನಿಗೆ ಆಫೀಸಿನಿಂದ ಫೋನ್ ಬಂತು. ಅವನು "ಆಯ್ತು ಆಯ್ತು" ಎನ್ನುತ್ತಾ ಹೊರಬಂದು ಒಳಗೆ ಹೋದ. 'ಆಯ್ತು' ಅಂದದ್ದು ಫೋನಿಗೋ ನನಗೋ, ನಾನು ಕೇಳಲಿಲ್ಲ. ಆರರ ಮುಂದೆಯೂ ಟಿಕ್ ಹಾಕಿದೆ.

ಅರ್ಧ ಗಂಟೆಯ ಮೇಲೆ ಬಂದವನು, "ಆರೂ ಆಯ್ತಲ್ಲ ಅಪ್ಪ?" ಎಂದ. ನಾನು ಪುಸ್ತಕ ನೋಡಿ "ಆರೂ ಆಯ್ತು" ಎಂದೆ. ಅವನು ಸೈಲೆನ್ಸರ್ ಮತ್ತೆ ಏರಿಸಿದ. ಸೊಸೆಯ ಕೆಂಪು ಉಗುರುಬಣ್ಣ ತೆಗೆದುಕೊಂಡು ಪ್ರತಿ ಬೋಲ್ಟಿನ ನಟ್ಟಿನಿಂದ ಪಕ್ಕದ ಉಕ್ಕಿನವರೆಗೂ ಒಂದೊಂದು ಗೆರೆ ಎಳೆದ. ನಟ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿಯುತ್ತದೆ. ಇದು ಮೆಕ್ಯಾನಿಕ್‌ಗಳ ಹಳೆಯ ಉಪಾಯ.

ಆ ಸಂಜೆ ಮಕ್ಕಳಿಗೆ ನನ್ನ ತಂದೆಯ ಕಥೆ ಹೇಳಿದೆ. ನಾನು ಚಿಕ್ಕವನಿದ್ದಾಗ ಅರಸೀಕೆರೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ಹೋಗುವಾಗ ಅಪ್ಪನ ಸೈಕಲ್ ಬಸ್ಸಿನ ತಲೆಯ ಮೇಲೆ ಬರುತ್ತಿತ್ತು. ಕ್ಲೀನರ್ ಹುಡುಗ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟುತ್ತಿದ್ದ. ಬಸ್ಸು ನಿಂತಲ್ಲೆಲ್ಲ ಅಪ್ಪ ಇಳಿದು, ಹಿಂದಿನ ಏಣಿ ಹತ್ತಿ ಹಗ್ಗ ಎಳೆದು ನೋಡುತ್ತಿದ್ದರು. "ಕಟ್ಟಿದೀನಿ ಸಾಮಿ, ನಂಬಿಕೆ ಇಲ್ವಾ?" ಎಂದು ಹುಡುಗ ಗೊಣಗುತ್ತಿದ್ದ. "ನಿನ್ನ ಮೇಲೆ ನಂಬಿಕೆ ಇದೆಯಪ್ಪ, ಹಗ್ಗದ ಮೇಲೆ ಇಲ್ಲ" ಎನ್ನುತ್ತಿದ್ದರು ಅಪ್ಪ. ಕಥೆ ಮುಗಿಸಿ ಇಬ್ಬರಿಗೂ ಒಂದೊಂದು ಕೆಲಸ ಹಂಚಿದೆ. ಹೋಗುವಾಗ, ಬರುವಾಗ ಎರಡೂ ಸಲ ಮೊಮ್ಮಗ ಸೈಕಲ್ಲಿನ ಪಟ್ಟಿ, ಪಿನ್ನು, ಹಿಂದಿನ ದೀಪ ನೋಡಬೇಕು. ಪುಟ್ಟಿ ಕೆಂಪು ಗೆರೆಗಳನ್ನು ನೋಡಬೇಕು.

ಮುಂದಿನ ಶನಿವಾರ ಫ್ರೀಮಾಂಟ್‌ನ ನೈಲ್ಸ್‌ಗೆ ಹೊರಟೆವು. ಸೊಸೆಗೆ ಕೆಲಸವಿತ್ತು, ನಾವು ಐವರು. ಅಲ್ಲಿ ಅಲಮೇಡ ಕ್ರೀಕ್ ಎಂಬ ಹೊಳೆ ಬೆಟ್ಟದ ಕಣಿವೆಯಿಂದ ಹೊರಬರುತ್ತದೆ. ಹೊಳೆಯ ದಂಡೆಯ ಮೇಲೆಯೇ ಸಮುದ್ರದ ಕೊಲ್ಲಿಯವರೆಗೆ 12 ಮೈಲಿ, ಸುಮಾರು 19 ಕಿಲೋಮೀಟರ್ ದಾರಿ. ದಕ್ಷಿಣ ದಂಡೆಗೆ ಟಾರು ಹಾಕಿದ್ದಾರೆ, ಸೈಕಲ್ಲಿನವರು ಅಲ್ಲಿ ಹೋಗುತ್ತಾರೆ. ಉತ್ತರ ದಂಡೆಯ ಮಣ್ಣಿನ ದಾರಿ ಕುದುರೆ ಸವಾರರಿಗೂ ಇದೆ. ಮಕ್ಕಳು ಸೈಕಲ್ ಹತ್ತಿದರು, ಮಗ ಅವರ ಹಿಂದೆ ಓಡಿದ. ನಾವಿಬ್ಬರು ನಿಧಾನ ನಡೆದು, ನೆರಳಲ್ಲಿ ಕೂತು, ಅವರು ಬಂದಮೇಲೆ ಪುಳಿಯೋಗರೆ ಡಬ್ಬ ಬಿಚ್ಚಿದೆವು.

ಹೊರಡುವ ಹೊತ್ತು. ಸೈಕಲ್ಲುಗಳು ಸ್ಟ್ಯಾಂಡಿನ ಮೇಲೆ ನಿಂತಿದ್ದವು. ಪುಟ್ಟಿ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಫೋನಿನ ಟಾರ್ಚ್ ಬಿಟ್ಟಳು.

"ತಾತಾ, ಒಂದು ಗೆರೆ ಮುರಿದಿದೆ."

ನನಗೆ ಬಗ್ಗಲು ಕಷ್ಟ. ಆದರೂ ಮಂಡಿಯೂರಿ ನೋಡಿದೆ. ಎಡಬದಿಯ ಕೊನೆಯ ಬೋಲ್ಟು. ನಟ್ಟಿನ ಮೇಲಿನ ಕೆಂಪು, ಉಕ್ಕಿನ ಮೇಲಿನ ಕೆಂಪಿನಿಂದ ಒಂದು ಅಕ್ಕಿಕಾಳಿನಷ್ಟು ಆಚೆ ಸರಿದಿತ್ತು. ಮಗ ಕೈಯಿಂದ ತಿರುಗಿಸಿದ. ನಟ್ಟು ತಿರುಗಿತು.

"ಆರನೇದು" ಎಂದೆ. ಆಗ ನೆನಪಾಯಿತು, ನಾನು ಐದೇ 'ಟಕ್' ಕೇಳಿದ್ದೆ.

ಬೋಲ್ಟು ಐದಿವೆ, ಬೆರಳಲ್ಲಿ ಬಿಗಿದುಕೊಂಡು ಹೇಗೋ ಮನೆ ಸೇರಬಹುದು ಎಂದು ಹೇಳಬಹುದಿತ್ತು. ಯಾರೂ ಹೇಳಲಿಲ್ಲ. ಸೈಕಲ್ಲುಗಳನ್ನು ಇಳಿಸಿದೆವು, ಪಿನ್ನು ಕಿತ್ತು ಸ್ಟ್ಯಾಂಡನ್ನೂ ಇಳಿಸಿದೆವು. ಮಗ ಬರಿಗಾರಿನಲ್ಲಿ ಟಾರ್ಕ್ ರೆಂಚ್ ತರಲು ಮನೆಗೆ ಹೋದ. ನಾವು ನಾಲ್ವರು ಮರದ ಕೆಳಗೆ ಒಂದೂವರೆ ಗಂಟೆ ಕಾದೆವು. ಮೊಮ್ಮಗ ಬೇಸರದಿಂದ ಮುಖ ಊದಿಸಿಕೊಂಡಿದ್ದ. ಚಾರ್ಲಿ ಚಾಪ್ಲಿನ್ 1915ರಲ್ಲಿ 'ದಿ ಟ್ರ್ಯಾಂಪ್' ಚಿತ್ರ ತೆಗೆದದ್ದು ಇದೇ ನೈಲ್ಸ್‌ನಲ್ಲಿ ಎಂದು ಹೇಳಿದೆ. ಆ ಚಿತ್ರದ ಕೊನೆಯಲ್ಲಿ ಸೋತ ಚಾಪ್ಲಿನ್ ಮಣ್ಣಿನ ರಸ್ತೆಯಲ್ಲಿ ಒಬ್ಬನೇ ನಡೆದು ಹೋಗುತ್ತಾ, ಇದ್ದಕ್ಕಿದ್ದಂತೆ ಮೈ ಕೊಡವಿಕೊಂಡು ಕುಣಿಯುವ ಹೆಜ್ಜೆ ಹಾಕುತ್ತಾನೆ. ಮೊಮ್ಮಗ ಎದ್ದು ಹಾಗೇ ನಡೆದು ತೋರಿಸಿದ. ಅವನ ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ನನಗೆ ಮಾತ್ರ ನಗು ಪೂರ್ತಿ ಬರಲಿಲ್ಲ. ಪುಟ್ಟಿಯನ್ನು ಹತ್ತಿರ ಕರೆದು, "ತಪ್ಪು ನಿಮ್ಮಪ್ಪಂದಲ್ಲ ಕಣೇ. ನಾನು ಕೇಳಿಸಿಕೊಳ್ಳದೆ ಟಿಕ್ ಹಾಕಿದೆ. ನನ್ನ ಟಿಕ್ ನೋಡಿ ಅವನು ನಂಬಿದ" ಎಂದೆ. ಬ್ಯಾಂಕಿನಲ್ಲಿ ಹೊಸಬರಿಗೆ ನಾನೇ ಹೇಳುತ್ತಿದ್ದೆ, ಕಣ್ಣಾರೆ ನೋಡದ ವೋಚರಿಗೆ ಟಿಕ್ ಹಾಕಬೇಡಿ ಎಂದು. ಅಲ್ಲಿ ತಪ್ಪಾದರೆ ರಾತ್ರಿ ಕೂತು ಲೆಕ್ಕ ಹೊಂದಿಸಬಹುದಿತ್ತು. ಹೆದ್ದಾರಿಯಲ್ಲಿ ಹೊಂದಿಸಲು ಯಾರು ಸಮಯ ಕೊಡುತ್ತಾರೆ?

ಮಗ ಬಂದ. ಈ ಸಲ ಎಲ್ಲರೂ ಉಸಿರು ಬಿಗಿಹಿಡಿದು ಕಿವಿಗೊಟ್ಟೆವು. 'ಟಕ್.' ಉಳಿದ ಐದನ್ನೂ ಪರೀಕ್ಷೆ ಮಾಡಿಸಿದೆ. ಅವನು ಮರೆಯದೆ ತಂದಿದ್ದ ಉಗುರುಬಣ್ಣದಿಂದ ಹೊಸ ಗೆರೆಯನ್ನು ಎಳೆಸಿದೆ.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಆರರ ಮುಂದಿನ ಟಿಕ್ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಹೊಸ ಟಿಕ್, ತಾರೀಖು, ಸಹಿ ಹಾಕಿದೆ.

"ರಬ್ಬರಲ್ಲಿ ಅಳಿಸಬಹುದಿತ್ತಲ್ಲ ತಾತಾ?" ಎಂದಳು ಪುಟ್ಟಿ.

"ಲೆಕ್ಕದ ಪುಸ್ತಕದಲ್ಲಿ ತಪ್ಪನ್ನು ಅಳಿಸಬಾರದು ಮರಿ. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು" ಎಂದೆ. ಅವಳು ಸ್ವಲ್ಪ ಯೋಚಿಸಿ, ನನ್ನ ಸಹಿಯ ಕೆಳಗೆ ತನ್ನ ಹೆಸರನ್ನೂ ಕನ್ನಡದಲ್ಲಿ ಬರೆದಳು.

ನಾವು ಊರಿಗೆ ವಾಪಸು ಬಂದು ಐದು ತಿಂಗಳಾಯಿತು. ಅಲ್ಲಿಯ ಶನಿವಾರ ಬೆಳಿಗ್ಗೆ, ನಮಗಿಲ್ಲಿ ರಾತ್ರಿ ಊಟ ಮುಗಿದ ಹೊತ್ತಿಗೆ, ಫೋನಿಗೆ ಒಂದು ಚಿತ್ರ ಬರುತ್ತದೆ. ಕತ್ತಲಲ್ಲಿ ಆರು ಕೆಂಪು ಗೆರೆಗಳು. ನಾನು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದ ಮೇಲೆಯೇ 'ಸರಿ' ಎಂದು ಬರೆದು ಕಳಿಸುತ್ತೇನೆ. ಅಲ್ಲಿಯವರೆಗೆ ಪುಟ್ಟಿ ಕಾರು ಹತ್ತುವುದಿಲ್ಲವಂತೆ.