ಮೇಲಕ್ಕೆ ಹರಿಯುವ ಕೋಡಿ

“ಏನೇ ಇದು, ನೀರು ದಿಬ್ಬ ಹತ್ತುತೈತೆ!”

ಅಕ್ಕ ಸೆರಗು ಬಿಗಿಹಿಡಿದು ಕಟಕಟೆಗೆ ಒರಗಿ ನಿಂತಿದ್ದಳು. ನಾವಿದ್ದದ್ದು ‘ಸ್ಪೆಕ್ಟ್ರಮ್ ಆಫ್ ದಿ ಸೀಸ್’ ಎಂಬ ಹಡಗಿನ ನೆತ್ತಿಯ ಮೇಲೆ, ಹಿಂದುಗಡೆಯ ತುದಿಯಲ್ಲಿ. ಸಿಂಗಪುರ ಬಿಟ್ಟು ಒಂದು ರಾತ್ರಿ ಕಳೆದಿತ್ತು, ಪೆನಾಂಗ್ ಕಡೆ ಹೊರಟಿದ್ದೆವು. ಎದುರಿಗೊಂದು ನೀಲಿ ಇಳಿಜಾರು. ಅದರ ಬುಡದಿಂದ ನೀರು ಚಿಮ್ಮಿ, ಹಾಸಿದ ಪಂಚೆಯಂತೆ ಹರಡಿಕೊಂಡು, ಭೋರೆಂದು ಮೇಲಕ್ಕೆ ಏರುತ್ತಿತ್ತು. ಒಬ್ಬ ಹುಡುಗ ಹಲಗೆಯ ಮೇಲೆ ನಿಂತು ಅದರ ಮೇಲೆ ಅತ್ತಿಂದಿತ್ತ ತೇಲುತ್ತಿದ್ದ. ನೋಡನೋಡುತ್ತಲೇ ಕಾಲು ತಪ್ಪಿತು. ಬಿದ್ದವನು ಕೆಳಕ್ಕೆ ಹೋಗಲಿಲ್ಲ. ನೀರು ಅವನನ್ನು ಬಾಚಿಕೊಂಡು ದಿಬ್ಬದ ನೆತ್ತಿಗೆ ಎಸೆಯಿತು. ಬಿದ್ದ ಮನುಷ್ಯ ಮೇಲಕ್ಕೆ ಹೋಗುವುದನ್ನು ಅರವತ್ತೊಂದು ವರ್ಷದಲ್ಲಿ ನಾನು ಕಂಡದ್ದು ಅದೇ ಮೊದಲು.

ನೀರು ಎಂದರೆ ನಮ್ಮ ಕಡೆಯವರಿಗೆ ಸದರದ ವಸ್ತುವಲ್ಲ. ನಾನು ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನಲ್ಲಿ, ಜಯಮಂಗಲಿ ಹೊಳೆಯ ಆಸುಪಾಸು. ಸೇರಿದ್ದು ಮಧುಗಿರಿಗೆ, ಆ ಏಕಶಿಲೆಯ ಬೆಟ್ಟದ ನೆರಳಿಗೆ. ತಮ್ಮನದು ಶಿರಾದಲ್ಲಿ ಕಡಲೆಕಾಯಿ ವ್ಯಾಪಾರ. ಅಕ್ಕನನ್ನು ಕೊಟ್ಟದ್ದು ಪಾವಗಡಕ್ಕೆ. ಅಲ್ಲಿ ಕೊಳವೆಬಾವಿ ಸಾವಿರ ಅಡಿ ಹೋದರೂ ಸಿಕ್ಕುವುದು ಫ್ಲೋರೈಡಿನ ನೀರು. ಅಕ್ಕನ ಹಲ್ಲು ತವರಿನ ನೀರಿನ ಹಲ್ಲು, ಬೆಳ್ಳಗಿದೆ. ಅವಳ ಮಕ್ಕಳ ಹಲ್ಲಿನ ಮೇಲೆ ಮಾತ್ರ ಕಂದು ಗೆರೆ. ಈಗ ಊರಿನ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬರುತ್ತಾಳೆ. ಹಡಗಿನಲ್ಲೂ ಸಮುದ್ರದ ನೀರಿನ ಉಪ್ಪು ತೆಗೆದು ಬಳಸುತ್ತಾರೆ ಎಂದು ನನ್ನ ಮಗಳು ಹೇಳಿದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: “ಇಲ್ಲಿ ಕ್ಯಾನಿಗೆ ಎಷ್ಟು?”

ಅವಳಿಗೆ ಸಮುದ್ರ ಹೊಸದು. ಮೊದಲ ದಿನ ಬೆಳಿಗ್ಗೆ ಬಾಲ್ಕನಿಗೆ ಬಂದವಳು ಬಹಳ ಹೊತ್ತು ಸುಮ್ಮನೆ ನೋಡಿ, “ನಮ್ಮ ತಿರುಮಣಿ ಪ್ಲೇಟುಗಳು ಇದ್ದಂಗೈತೆ ಕಣೇ” ಎಂದಳು. ನಗು ಬಂದರೂ ಆ ಮಾತು ಸುಳ್ಳಲ್ಲ. ಪಾವಗಡದ ತಿರುಮಣಿ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2050 ಮೆಗಾವಾಟಿನದು. ಗುಡ್ಡದ ಮೇಲಿಂದ ನೋಡಿದರೆ ಆ ಬೆಂಗಾಡಿನಲ್ಲಿ ನೀಲಿ ನೀರು ನಿಂತಂತೆಯೇ ಕಾಣುತ್ತದೆ. ಬಾಯಾರಿದವರನ್ನು ಅಣಕಿಸುವ ಹಾಗೆ. ಮಲಕ್ಕಾ ಜಲಸಂಧಿಯೂ ಅಂದು ಹಾಗೆಯೇ ಇತ್ತು: ನಯವಾಗಿ, ಅಲುಗದೆ. ತಮಾಷೆ ಎಂದರೆ ಇದೇ. ಸುತ್ತ ಸಮುದ್ರ, ಅದರಲ್ಲಿ ಹೇಳಿಕೊಳ್ಳುವಂಥ ಅಲೆಯಿಲ್ಲ; ಅಲೆ ಇದ್ದದ್ದು ಹಡಗಿನ ತಾರಸಿಯ ಮೇಲೆ.

ಆ ಯಂತ್ರದ ಹೆಸರು ಫ್ಲೋರೈಡರ್. ಮಗಳು ಹೇಳಿದಾಗ ಅಕ್ಕನಿಗೆ ಕೇಳಿಸಿದ್ದು ಫ್ಲೋರೈಡ್. ಅವಳ ಮುಖ ನೋಡಬೇಕಿತ್ತು. ಟಾಮ್ ಲಾಕ್ಟೆಫೆಲ್ಡ್ ಎಂಬ ಕ್ಯಾಲಿಫೋರ್ನಿಯಾದವನ ಕಲ್ಪನೆಯಂತೆ. ಮೊದಲು ಅದು ಶುರುವಾದದ್ದು 1991ರಲ್ಲಿ ಟೆಕ್ಸಾಸಿನ ಒಂದು ವಾಟರ್ ಪಾರ್ಕಿನಲ್ಲಿ. ಹಡಗು ಹತ್ತಿದ್ದು 2006ರಲ್ಲಿ, ‘ಫ್ರೀಡಮ್ ಆಫ್ ದಿ ಸೀಸ್’ ಮೇಲೆ. ನಿಜವಾದ ಕಡಲಿನಲ್ಲಿ ಅಲೆ ಓಡುತ್ತದೆ, ಅದನ್ನೇರಿದವನೂ ಓಡುತ್ತಾನೆ, ನೀರು ಮಾತ್ರ ಹೆಚ್ಚೂಕಡಿಮೆ ಇದ್ದಲ್ಲೇ ಎದ್ದು ಬೀಳುತ್ತದೆ. ಇಲ್ಲಿ ತಿರುಗಾಮುರುಗಾ. ನೀರು ಓಡುತ್ತದೆ, ಅಲೆಯ ಆಕಾರ ಕದಲುವುದಿಲ್ಲ. ಕೆಳಗಿಂದ ನುಗ್ಗುವ ನೀರು ನಮ್ಮನ್ನು ಮೇಲಕ್ಕೆ ತಳ್ಳುತ್ತದೆ, ಇಳಿಜಾರು ಕೆಳಕ್ಕೆ ಎಳೆಯುತ್ತದೆ. ಎರಡೂ ಸಮವಾದ ಕಡೆ ಮನುಷ್ಯ ನಿಲ್ಲುತ್ತಾನೆ. ಪಂಪುಗಳು ನಿಮಿಷಕ್ಕೆ ಲಕ್ಷ ಲೀಟರಿಗೂ ಹೆಚ್ಚು ನೀರು ದೂಡುತ್ತವೆ ಎಂದು ಕೇಳಿ ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ಅವಳ ಬೀದಿಗೆ ಬರುವುದು ಐದು ಸಾವಿರ ಲೀಟರಿನ ಟ್ಯಾಂಕರು. “ನಿಮಿಷಕ್ಕೆ ಇಪ್ಪತ್ತು ಟ್ಯಾಂಕರು!” ಅದೇ ನೀರು ಸುತ್ತಿ ಸುತ್ತಿ ಬರುತ್ತದೆ ಎಂದು ಸಮಾಧಾನ ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ.

ಅಲೆ ಸವಾರಿಗೆ ಇಷ್ಟು ದೂರ ಬರಬೇಕಾಗಿರಲಿಲ್ಲ ಅನ್ನಿ. ನಮ್ಮ ಮೂಲ್ಕಿಯಲ್ಲೇ ಮಂತ್ರ ಸರ್ಫ್ ಕ್ಲಬ್ ಇದೆ, ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಅಮೆರಿಕದ ಜಾಕ್ ಹೆಬ್ನರ್ 2004ರಲ್ಲಿ ಶುರು ಮಾಡಿದ್ದು. ಆದರೆ ನಮ್ಮ ಬಯಲುಸೀಮೆಯವರು ಕರಾವಳಿಗೆ ಹೋದರೆ ಧರ್ಮಸ್ಥಳ, ಉಡುಪಿ ಮುಗಿಸಿ, ಸಮುದ್ರಕ್ಕೆ ಮೊಣಕಾಲುದ್ದ ಇಳಿದು, ಕಾಲು ತೊಳೆದುಕೊಂಡು ಬಸ್ಸು ಹತ್ತುತ್ತೇವೆ.

ಮೇಲಕ್ಕೆ ಬರುವ ನೀರು ಎಂದರೆ ನನಗೆ ಗೊತ್ತಿದ್ದದ್ದು ತಲಪರಿಗೆ. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಹಳೆಯ ತಲೆಗಳನ್ನು ಕೇಳಿ, ಹೇಳುತ್ತಾರೆ. ಹಳ್ಳದ ದಂಡೆಯಲ್ಲೋ ಕೆರೆಯಂಗಳದಲ್ಲೋ ಮರಳು ಸರಿಸಿದರೆ ತಾನಾಗಿ ಉಕ್ಕುವ ಒರತೆ. ಊರವರು ಒಟ್ಟುಗೂಡಿ ಹೂಳು ತೆಗೆಯುವರು, ಕಾಲುವೆ ಹಸನು ಮಾಡುವರು, ಸರದಿಯಂತೆ ಗದ್ದೆಗೆ ಹಾಯಿಸುವರು. ಬೋರುಗಳು ಆಳಕ್ಕಿಳಿದ ಮೇಲೆ ಎಷ್ಟೋ ತಲಪರಿಗೆಗಳು ಕಣ್ಣು ಮುಚ್ಚಿದವು. ಚಿಕ್ಕವಳಿದ್ದಾಗ ಬಗ್ಗಿ ನೋಡುತ್ತಿದ್ದೆ: ನೀರು ಸದ್ದೇ ಇಲ್ಲದೆ ಮೇಲೆ ಬರುವುದು, ಮರಳಿನ ಕಾಳು ಅದರಲ್ಲಿ ಕುಣಿಯುವುದು. ಇಲ್ಲಿ ಅದೇ ಏರುವ ನೀರು, ಆದರೆ ಹುಲಿಯಂತೆ ಅಬ್ಬರಿಸಿಕೊಂಡು.

ಇಷ್ಟಾದರೂ ನಾನು ಸರದಿಯಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲಿಸಿದ್ದು ಆ ಹಲಗೆ. ನಿಂತು ಆಡುವವರಿಗೆ ಒಂದು ಬಗೆ, ಮಲಗಿ ಆಡುವವರಿಗೆ ಇನ್ನೊಂದು. ಮಲಗುವ ಹಲಗೆ ಮೆತ್ತಗೆ, ಮೊಳಕ್ಕಿಂತ ತುಸು ಅಗಲ, ಮುಂದಿನ ಅಂಚು ಎರಡೂ ಕೈಗೆ ಸಿಕ್ಕುವಂತೆ. ಇದನ್ನು ನಾನು ಬಲ್ಲೆ! ಅಡಿಕೆ ಹಾಳೆ! ನಮ್ಮೂರ ಕೆರೆ ಕೋಡಿ ಬಿದ್ದಾಗ ಪಾಚಿಗಟ್ಟಿದ ಕಲ್ಲುಹಾಸಿನ ಮೇಲೆ ನಾಲ್ಕು ಬೆರಳ ದಪ್ಪ ನೀರು ಜಾರುತ್ತಿತ್ತು. ತೋಟದಿಂದ ಹಾಳೆ ತಂದು ಅದರ ಮೇಲೆ ಕೂತು ನಾವೂ ಜಾರುತ್ತಿದ್ದೆವು. ಲಂಗ ಹರಿದದ್ದಕ್ಕೆ ಅವ್ವನಿಂದ ಬಿದ್ದ ಏಟುಗಳಲ್ಲಿ ಅಕ್ಕನಿಗೂ ಪಾಲಿತ್ತು. ಆಮೇಲೆ ಕೋಡಿ ಬೀಳುವುದೇ ಅಪರೂಪವಾಯಿತು. 2022ರ ಮಳೆಗೆ ನಮ್ಮ ಸೀಮೆಯ ಕೆರೆಗಳು ತುಂಬಿ ಚೆಲ್ಲಿದಾಗ ಜನ ಬಾಗಿನ ಹಿಡಿದು ಓಡಿದರು. ಹಾಳೆ ಹಿಡಿದು ಹೋದ ಮಕ್ಕಳನ್ನು ನಾನು ಕಾಣಲಿಲ್ಲ. ಅದರ ಮರುವರ್ಷವೇ ಈ ಹಡಗು.

ಏನಾದರೂ ಆದರೆ ನಾವೇ ಹೊಣೆ ಎಂದು ಸಹಿ ಹಾಕಿಸಿಕೊಂಡರು. ಮಲಗಿ ಆಡಲು ಐವತ್ತೆರಡು ಇಂಚು ಎತ್ತರವಿದ್ದರೆ ಸಾಕು. ಸರದಿಯಲ್ಲಿ ನನ್ನ ಮುಂದಿದ್ದವರೆಲ್ಲ ಆ ಐವತ್ತೆರಡು ಇಂಚನ್ನು ಆಗತಾನೇ ಮುಟ್ಟಿದವರು. ಮಗಳ ಪ್ಯಾಂಟು, ಅಳಿಯನ ಟೀ ಶರ್ಟು ತೊಟ್ಟು, ಮಂಗಳಸೂತ್ರ ಬಿಚ್ಚಿ ಅಕ್ಕನ ಕೈಗಿಟ್ಟೆ. “ಮಂಡಿ ನೋವು ಅಂತಿದ್ದೆ?” ಎಂದಳು. ಮಂಡಿಗೆ ಇಲ್ಲೇನು ಕೆಲಸ, ಹೊಟ್ಟೆಯ ಮೇಲೆ ಮಲಗುವುದು ತಾನೆ.

ಕಲಿಸುವ ಹುಡುಗ ಸನ್ನೆಯಲ್ಲೇ ಹೇಳಿಕೊಟ್ಟ: ಅಂಚು ಹಿಡಿ, ಮುಂದೆ ನೋಡು. ಮೊದಲ ಸಲ ಹಲಗೆ ನೀರಿಗೆ ತಾಗಿದ್ದಷ್ಟೇ ನೆನಪು. ಕಿವಿಯೊಳಗೆ ಕ್ಲೋರಿನ್ ನೀರು, ಮೂಗಿನೊಳಗೆ ನೀರು, ಆಕಾಶ ಒಮ್ಮೆ ಕೆಳಗೆ ಬಂತು. ಎರಡು ಎಣಿಸುವುದರೊಳಗೆ ದಿಬ್ಬದ ಹಿಂದಿನ ಮೆತ್ತೆಯ ಮೇಲೆ ಒದ್ದೆ ಮೂಟೆಯಂತೆ ಕೂತಿದ್ದೆ. ಸುತ್ತಲಿನವರು ಚಪ್ಪಾಳೆ ಹೊಡೆದರು.

ಎರಡನೆಯ ಸಲ ಹುಡುಗ ಹಲಗೆಯನ್ನು ಹಿಡಿದೇ ಒಳಗಿಳಿಸಿ, ಮೆಲ್ಲಗೆ ಕೈಬಿಟ್ಟ. ಎದೆಯ ಭಾರ ಸ್ವಲ್ಪ ಮುಂದಕ್ಕೆ ಬಿಟ್ಟೆ, ಹಲಗೆ ಇಳಿಯಿತು. ಹಿಂದಕ್ಕೆ ತೆಗೆದೆ, ಏರಿತು. ಮತ್ತೆ ಮುಂದಕ್ಕೆ. ಆಗ ನಿಂತಿತು. ಹೊಟ್ಟೆಯ ಕೆಳಗೆ ನೀರು ಗುಡುಗುಡು ಎನ್ನುತ್ತಿದೆ, ಗದ್ದ ನಡುಗುತ್ತಿದೆ, ಎದುರಿಂದ ಇಡೀ ಕೋಡಿ ನನ್ನ ಮುಖಕ್ಕೇ ನುಗ್ಗಿ ಬರುತ್ತಿದೆ, ನಾನು ಮಾತ್ರ ಒಂದಂಗುಲ ಕದಲುತ್ತಿಲ್ಲ. ನನ್ನ ಕೆಳಗೆ ನೀರು, ನೀರಿನ ಕೆಳಗೆ 347 ಮೀಟರ್ ಉದ್ದದ ಹಡಗು, ಅದರ ಕೆಳಗೆ ಸಮುದ್ರ, ಎಲ್ಲವೂ ಎತ್ತಲೋ ಹೋಗುತ್ತಿವೆ. ಬಾಯಿಂದ ಕೇಕೆ ಹೊರಟಿತು. ಹತ್ತು ವರ್ಷದವಳ ಕೇಕೆ. ಬಾಯಿ ತೆರೆದದ್ದೇ ತಪ್ಪಾಯಿತು. ನೀರು ಒಳಗೆ ನುಗ್ಗಿ, ಹಲಗೆ ಒಂದು ಕಡೆ, ನಾನೊಂದು ಕಡೆ, ಇಬ್ಬರೂ ದಿಬ್ಬದ ಮೇಲೆ.

ಅಕ್ಕ ಟವೆಲ್ ಹಿಡಿದು ಬಂದಳು. ದಾರಿಯಲ್ಲಿ ಅಂಚಿನಿಂದ ಚೆಲ್ಲುತ್ತಿದ್ದ ನೀರನ್ನು ಬೆರಳಲ್ಲಿ ಮುಟ್ಟಿ, ಯಾರೂ ನೋಡುತ್ತಿಲ್ಲವೆಂದುಕೊಂಡು ತಲೆಗೆ ಪ್ರೋಕ್ಷಿಸಿಕೊಂಡದ್ದನ್ನು ನಾನು ನೋಡಿದೆ.

“ಎಷ್ಟು ದೂರ ಹೋದ್ಯೇ?”

“ಎಲ್ಲೂ ಹೋಗ್ಲಿಲ್ಲ ಕಣಕ್ಕ. ಅಲ್ಲೇ ಇದ್ದೆ.”

“ಅಲ್ಲೇ ಇರಾಕೆ ಇಷ್ಟು ನೀರಾ?”

ಉತ್ತರ ಹೇಳಲು ಹೊತ್ತಿರಲಿಲ್ಲ. ಸರದಿ ಬೆಳೆಯುತ್ತಿತ್ತು, ಟವೆಲ್ ಅವಳ ಹೆಗಲಿಗೇ ಹಾಕಿ, ಆ ಐವತ್ತೆರಡು ಇಂಚಿನವರ ಹಿಂದೆ ಹೋಗಿ ನಿಂತೆ.