ಪವಳ, ಹವಳ

ಈ ಬಾರಿಯ ಪೊಂಗಲ್ ರಜೆಯಲ್ಲಿ ನಾನೂ ನನ್ನ ಪತ್ನಿಯೂ ಮುರುಡೇಶ್ವರಕ್ಕೆ ಹೋಗಿದ್ದೆವು. ನಮ್ಮ ಧರ್ಮಪುರಿ, ಸೇಲಂ ಜಿಲ್ಲೆಗಳಿಗೆ ಕಡಲಿಲ್ಲ. ನಮಗೆ ನೀರೆಂದರೆ ಹೊಗೆನಕಲ್ಲಿನ ಕಾವೇರಿ, ಮೆಟ್ಟೂರಿನ ಅಣೆಕಟ್ಟು. ಆದ್ದರಿಂದ ಬೆಳಗಿನ ರೈಲಿನ ಕಿಟಕಿಯಲ್ಲಿ ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ತೆಂಗಿನ ಸಾಲು ಕಂಡಾಗ, ಐವತ್ತು ದಾಟಿದ ನನಗೂ ಶಾಲೆಯ ಹುಡುಗನ ಸಂಭ್ರಮ ಉಂಟಾಯಿತು.

ಮೊದಲ ದಿನ ಹೊನ್ನಾವರದಿಂದ ಘಟ್ಟವೇರಿ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಅಂಚಿನವರೆಗೆ ಹೋದೆವು. ‘ಕಾನು’ ಎಂದರೆ ದಟ್ಟವಾದ ನಿತ್ಯಹರಿದ್ವರ್ಣದ ಕಾಡು. ಹಗಲಿನಲ್ಲಿಯೂ ಅಲ್ಲಿ ಹೆಸರಿಗೆ ತಕ್ಕ ಕತ್ತಲೆ. ರಾಮಪತ್ರೆಯ ಕುಲದ ಮರಗಳು ಜೌಗು ನೆಲದಲ್ಲಿ ನಿಂತು, ಉಸಿರಾಟಕ್ಕಾಗಿ ತಮ್ಮ ಬೇರುಗಳನ್ನು ಮಡಿಸಿದ ಮೊಣಕಾಲಿನಂತೆ ಮೇಲಕ್ಕೆತ್ತಿದ್ದವು. ಸಿಂಗಳೀಕಗಳಿರುವ ಸೀಮೆಯಾದರೂ ನಮಗೆ ಅವುಗಳ ದರ್ಶನವಾಗಲಿಲ್ಲ.

ಮರುದಿನ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೊರಟೆವು. ತೀರದಿಂದ ಸುಮಾರು 19 ಕಿಲೋಮೀಟರ್ ದೂರ. ತೇಲುವ ಜಾಕೆಟ್ ತೊಟ್ಟು, ಮುಖಕ್ಕೆ ಗಾಜಿನ ಮುಖವಾಡ ಕಟ್ಟಿ, ಬಾಯಲ್ಲಿ ಉಸಿರುಗೊಳವೆ ಕಚ್ಚಿಕೊಂಡು ನೀರಿಗಿಳಿದೆ. ತಲೆ ತಗ್ಗಿಸಿದೊಡನೆ ಕೆಳಗೆ ಬೇರೊಂದು ಊರು. ಬಂಡೆಗಳ ಮೇಲೆ ಕಂದು, ಹಳದಿ, ಹಸಿರು ಬಣ್ಣದ ಹವಳಗಳು. ಅವುಗಳ ನಡುವೆ ಪಟ್ಟೆಪಟ್ಟೆಯ ಮೀನುಗಳು. ನಾನು ಕೈ ಚಾಚಿದೆ. ಜೊತೆಗಿದ್ದ ಯುವಕ ನನ್ನ ತೋಳು ಹಿಡಿದು, ತಲೆ ಮೇಲೆತ್ತಿದ ಮೇಲೆ ಹೇಳಿದ: “ಮುಟ್ಟಬೇಡಿ ಸರ್, ಅದಕ್ಕೆ ಜೀವ ಇದೆ.”

ಅವನು ದೋಣಿಯಲ್ಲಿ ವಿವರಿಸಿದ. ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಸಣ್ಣ ಸಣ್ಣ ಪ್ರಾಣಿಗಳು ಕೂಡಿ ಬಾಳುತ್ತ, ಸುಣ್ಣದ ಗೂಡು ಕಟ್ಟುತ್ತವೆ. ಸತ್ತವುಗಳ ಗೂಡಿನ ಮೇಲೆಯೇ ಬದುಕಿರುವವು ಮುಂದಿನ ಗೂಡು ಕಟ್ಟುತ್ತವೆ. ಉಂಡೆಯಾಕಾರದ ಹವಳ ಒಂದು ಸೆಂಟಿಮೀಟರ್ ಬೆಳೆಯಲು ಸುಮಾರು ಒಂದು ವರ್ಷ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಕಲ್ಲುಹವಳಗಳಿಗೆ ಹುಲಿಗೆ ಇರುವಂತೆಯೇ ಮೊದಲ ಅನುಸೂಚಿಯ ರಕ್ಷಣೆಯಿದೆ.

ನನಗೆ ನೆನಪಾದದ್ದು ನನ್ನ ಆಯಿಯ ಕೊರಳು. ಕರಿಮಣಿಗಳ ನಡುವೆ ಅವಳಿಗೆ ಎರಡು ಕೆಂಪು ಮಣಿಗಳಿದ್ದವು. ಅವು ದೂರದ ಕಡಲಿನ ಬೇರೊಂದು ಜಾತಿಯ ಹವಳ. ಅವಳು ಅವನ್ನು ಮರಾಠಿಯಲ್ಲಿ ‘ಪೊವಳೆ’ ಎನ್ನುತ್ತಿದ್ದಳು. ನಾಲ್ಕನೆಯ ತರಗತಿಯವರೆಗೆ ಮರಾಠಿಯಲ್ಲಿ ಓದಿ ಕನ್ನಡ ಶಾಲೆಗೆ ಸೇರಿದ ನಾನು, ಒಮ್ಮೆ ಪ್ರಬಂಧದಲ್ಲಿ ಹಾಗೆಯೇ ಬರೆದೆ. ಮಾಸ್ತರರು ಅದನ್ನು ಗಟ್ಟಿಯಾಗಿ ಓದಿದರು, ತರಗತಿಯೆಲ್ಲ ನಕ್ಕಿತು. ಆ ನಗು ನನಗಿನ್ನೂ ಕೇಳಿಸುತ್ತದೆ.

ಆದರೂ ಕಳೆದ ಕಿರುಪರೀಕ್ಷೆಯಲ್ಲಿ ನಾನೇನು ಮಾಡಿದೆ? ಪೆನ್ನಾಗರದ ಕಡೆಯ ವಿದ್ಯಾರ್ಥಿನಿಯೊಬ್ಬಳು ‘ಪವಳದ ಸರ’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ‘ತಮಿಳಿನ ದೋಷ’ ಎಂದು ಷರಾ ಬರೆದೆ; ಅರ್ಧ ಅಂಕ ಕಳೆದೆ. ಅವಳು ಮಾತಾಡದೆ ಉತ್ತರಪತ್ರಿಕೆ ಮಡಿಸಿಕೊಂಡು ಹೋದಳು.

ಹಾಲು ಹಿಂದೆ ಪಾಲಾಗಿತ್ತು, ಹುಲಿ ಪುಲಿಯಾಗಿತ್ತು, ಹೊಗೆ ಪೊಗೆಯಾಗಿತ್ತು ಎಂದು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುವವನು ನಾನು. ಹಳಗನ್ನಡದ ‘ಪವಳ’ವೇ ಪಕಾರ ಹಕಾರವಾಗಿ ‘ಹವಳ’ವಾಯಿತು. ಸಂಸ್ಕೃತದ ‘ಪ್ರವಾಳ’ದ ಕಡೆಯಿಂದ ಬಂದ ಈ ಮಾತು ಮರಾಠಿಯಲ್ಲಿ ಪೊವಳೆ, ತಮಿಳಿನಲ್ಲಿ ಪವಳಂ. ನನ್ನ ಆಯಿಯೂ ಆ ಹುಡುಗಿಯ ಮನೆಯವರೂ ಉಳಿಸಿಕೊಂಡ ಪಕಾರವನ್ನು ನಾನು ದೋಷವೆಂದು ಕರೆದಿದ್ದೆ.

ಇಂದಿನ ಬರಹದಲ್ಲಿ ‘ಹವಳ’ವೇ ರೂಢಿ. ಅರ್ಧ ಅಂಕಕ್ಕೆ ನಾನು ಸಮರ್ಥನೆ ಹೇಳಬಲ್ಲೆ. ಆ ಷರಾಕ್ಕೆ ಹೇಳಲಾರೆ. ಊರಿಗೆ ಮರಳಿದ ಮೇಲೆ ಅವಳನ್ನು ಕರೆದು ಕ್ಷಮೆ ಕೇಳಿದೆ. “ಪರವಾಗಿಲ್ಲ ಸರ್, ನಮ್ಮಜ್ಜಿ ಹಂಗೇ ಅಂತಾರೆ” ಎಂದಳು. ತಪ್ಪನ್ನು ಬರಹದಲ್ಲಿ ಮಾಡಿದವನು ಬರಹದಲ್ಲಿಯೂ ಒಪ್ಪಿಕೊಳ್ಳಬೇಕೆಂದು ಈ ಲೇಖನ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೇ, ಮುಂದಿನ ಭಾಷಾಚರಿತ್ರೆಯ ತರಗತಿಗೆ ನಿಮ್ಮ ಮನೆಯ ಹಿರಿಯರಿಂದ ಐದೈದು ಮಾತು ಕೇಳಿಕೊಂಡು ಬನ್ನಿ. ಅವರು ಆಡಿದಂತೆಯೇ ಬರೆದು ತನ್ನಿ. ನಾನು ಕೆಂಪು ಶಾಯಿಯನ್ನು ತರುವುದಿಲ್ಲ.