ಕಾಣದ ಸೇವೆಯನ್ನು ನಿಲ್ಲಿಸಿ ತೋರಿಸಿದ ಪಾಠ

ಅಭ್ಯಾಸ ಬೋಧನೆಗೆ ಒಂಬತ್ತನೇ ತರಗತಿಯಲ್ಲಿ ‘ಕಂಪ್ಯೂಟರಿನ ಹಿನ್ನೆಲೆ ಜಾಲ ಸೇವೆಗಳು’ ಎಂಬ ವಿಷಯ ಆರಿಸಿಕೊಂಡಾಗ ವಿಧಾನ ಉಪನ್ಯಾಸಕರು ಕೇಳಿದ್ದು ಒಂದೇ ಪ್ರಶ್ನೆ: “ಪರದೆಯ ಮೇಲೆ ಕಾಣದ್ದನ್ನು ಹೇಗೆ ತೋರಿಸುತ್ತೀರಿ?” ಪಾಠ ಯೋಜನೆಯ ಬೇರೆಲ್ಲ ಕಾಲಂಗಳಿಗಿಂತ ಇದಕ್ಕೆ ಉತ್ತರ ಹುಡುಕಲು ನನಗೆ ಹೆಚ್ಚು ಹೊತ್ತು ಹಿಡಿಯಿತು.

ಪ್ರಯೋಗಾಲಯದಲ್ಲಿದ್ದದ್ದು ಉಬುಂಟು 22.04 ಇರುವ ಆರು ಕಂಪ್ಯೂಟರ್‌ಗಳು, ಮಕ್ಕಳು 36. ಕಂಪ್ಯೂಟರ್ ಹಚ್ಚಿದೊಡನೆ ಅದರೊಳಗೆ ಹಲವು ಸೇವೆಗಳು ತಾವಾಗಿಯೇ ಶುರುವಾಗುತ್ತವೆ. ನೆಟ್‌ವರ್ಕ್‌ಮ್ಯಾನೇಜರ್ ಸಂಪರ್ಕ ನೋಡಿಕೊಳ್ಳುತ್ತದೆ. ಸಿಸ್ಟಮ್‌ಡಿ-ರಿಸಾಲ್ವ್ಡ್ ಜಾಲತಾಣದ ಹೆಸರಿಗೆ ತಕ್ಕ ಅಂಕಿ ವಿಳಾಸ ಹುಡುಕಿಕೊಡುತ್ತದೆ. ಇಂಥವುಗಳಿಗೆ ‘ಡೀಮನ್’ ಎಂಬ ಹೆಸರು ಬಂದದ್ದು 1963ರಲ್ಲಿ, ಎಂಐಟಿಯ ಪ್ರಾಜೆಕ್ಟ್ ಮ್ಯಾಕ್‌ನಲ್ಲಿ. ಭೌತಶಾಸ್ತ್ರದಲ್ಲಿ ನಾವು ಓದಿದ ಮ್ಯಾಕ್ಸ್‌ವೆಲ್‌ನ ಡೀಮನ್, ಅಂದರೆ ಬಾಗಿಲಲ್ಲಿ ಕುಳಿತು ಅಣುಗಳನ್ನು ವಿಂಗಡಿಸುವ ಕಾಲ್ಪನಿಕ ಜೀವಿಯೇ, ಅದಕ್ಕೆ ಮೂಲ.

ಕಾಣದ ಕೆಲಸಗಾರ ರಜೆ ಹಾಕಿದಾಗಲೇ ಅವನ ಕೆಲಸ ತಿಳಿಯುವುದು. ಆದ್ದರಿಂದ ಒಂದು ಸೇವೆಯನ್ನು ಬೇಕೆಂದೇ ನಿಲ್ಲಿಸುವುದೆಂದು ಯೋಜಿಸಿದೆ. ಮಾರ್ಗದರ್ಶಿ ಶಿಕ್ಷಕರಿಗೆ ಅಳುಕಿತ್ತು: “ಅಡ್ಮಿನ್ ಪಾಸ್‌ವರ್ಡ್ ಮಕ್ಕಳ ಕೈಗೆ ಕೊಟ್ಟರೆ ಲ್ಯಾಬ್ ಉಳಿಯುತ್ತದೆಯೇನಮ್ಮಾ?” ಅವರ ಮಾತು ನ್ಯಾಯವೇ. ಪಾಸ್‌ವರ್ಡ್ ನಾನೇ ಒತ್ತುವುದು, ಆದೇಶ ಮಕ್ಕಳು ಟೈಪ್ ಮಾಡುವುದು, ನಿಲ್ಲಿಸುವ ಮೊದಲು ಮತ್ತೆ ಶುರುಮಾಡುವ ಆದೇಶವನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುವುದು ಎಂದು ಒಪ್ಪಂದವಾಯಿತು.

ಮಕ್ಕಳ ಊಹೆ ಒಂದೇ: “ನೆಟ್ ಹೋಗುತ್ತೆ.” ‘ಸುಡೋ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಸಿಸ್ಟಮ್‌ಡಿ-ರಿಸಾಲ್ವ್ಡ್’ ಎಂದು ಟೈಪ್ ಮಾಡಿದರು. ಹೆಸರು ಕೊಟ್ಟು ಪಿಂಗ್ ಮಾಡಿದಾಗ ಉತ್ತರವಿಲ್ಲ, 8.8.8.8ಕ್ಕೆ ಮಾಡಿದಾಗ ಉತ್ತರ ಬಂತು. ಸ್ವಲ್ಪ ಹೊತ್ತು ಗದ್ದಲ. ಆಮೇಲೆ ಒಬ್ಬಳೆಂದಳು: “ಮಿಸ್, ನೆಟ್ ಇದೆ. ಹೆಸರು ಮಾತ್ರ ಗೊತ್ತಾಗ್ತಿಲ್ಲ.” ಕಪ್ಪುಹಲಗೆಯ ಮೇಲೆ ನಾನು ಬರೆದ ವ್ಯಾಖ್ಯೆ ಆ ಮಾತೇ.

ಒಂದು ಗುಂಪಿಗೆ ಕಂಪ್ಯೂಟರನ್ನೇ ಮರುಪ್ರಾರಂಭಿಸಲು ಹೇಳಿದ್ದೆ. ನಿಲ್ಲಿಸಿದ್ದ ಸೇವೆ ತಾನಾಗಿ ಬಂದಿತ್ತು. “ನಾವು ನಿಲ್ಲಿಸಿದ್ವಲ್ಲ ಮಿಸ್?” ಎಂಬ ಪ್ರಶ್ನೆಯಿಂದಲೇ ಮುಂದಿನ ಹಂತ ತೆರೆಯಿತು. ‘ಸ್ಟಾಪ್’ ಈ ಹೊತ್ತಿಗೆ ಮಾತ್ರ. ‘ಡಿಸೇಬಲ್’ ಮುಂದಿನ ಸಲ ಹಚ್ಚಿದಾಗ ತಾನಾಗಿ ಶುರುವಾಗದಂತೆ. ‘ಸ್ಟಾರ್ಟ್’ ಮತ್ತು ‘ಎನೇಬಲ್’ ನಡುವೆಯೂ ಇದೇ ವ್ಯತ್ಯಾಸ.

ವಿಸ್ತರಣೆಯ ಹಂತದಲ್ಲಿ, ಹೊರಗಿನ ಕರೆಗೆ ಕಿವಿಗೊಟ್ಟಿರುವ ಪೋರ್ಟ್‌ಗಳನ್ನು ಪಟ್ಟಿ ಮಾಡಿಸಿದೆ. ಒಂದು ಕಂಪ್ಯೂಟರಿನಲ್ಲಿ 22 ತೆರೆದಿತ್ತು, ಅಂದರೆ ದೂರದಿಂದ ಒಳಬರಲು ಬಿಡುವ ಎಸ್‌ಎಸ್‌ಎಚ್ ಸೇವೆ. ಈಗ ಅದನ್ನು ಯಾರೂ ಬಳಸುತ್ತಿಲ್ಲ ಎಂದರು ಮಾರ್ಗದರ್ಶಿ ಶಿಕ್ಷಕರು. ಬಳಸದ ಸೇವೆ ಚಿಲಕ ಹಾಕದ ಹಿತ್ತಲ ಬಾಗಿಲು. ಅವರ ಒಪ್ಪಿಗೆ ಪಡೆದು ಮಕ್ಕಳೇ ಅದನ್ನು ನಿಲ್ಲಿಸಿ, ಡಿಸೇಬಲ್ ಮಾಡಿದರು.

ಮೌಲ್ಯಮಾಪನದಲ್ಲಿ ಕೇಳಿದ್ದು: “ಅಂಕಿಗೆ ಉತ್ತರವಿದೆ, ಹೆಸರಿಗೆ ಇಲ್ಲ. ಮೊದಲು ಯಾವುದನ್ನು ನೋಡುವಿರಿ?” ನಾಲ್ಕು ಗುಂಪು ಸರಿಯಾಗಿ ಬರೆದವು, ಎರಡು ‘ಕೇಬಲ್’ ಎಂದವು. ಆ ಎರಡು ಗುಂಪುಗಳಿಗೆ ಮರುದಿನ ಕೇಬಲ್ ಕಿತ್ತು ತೋರಿಸಿದೆ: ಆಗ ಎರಡಕ್ಕೂ ಉತ್ತರವಿಲ್ಲ.

ನನ್ನ ಪಾಠ ಯೋಜನೆಯಲ್ಲಿ ಈಗ ಒಂದು ಕಾಲಂ ಹೆಚ್ಚಾಗಿದೆ: ‘ಹಿಂದಿರುಗುವ ದಾರಿ’. ಸಹಪ್ರಶಿಕ್ಷಣಾರ್ಥಿಗಳೂ ಅದನ್ನು ಸೇರಿಸಿಕೊಳ್ಳಬಹುದು. ಆ ದಾರಿ ಮೊದಲೇ ಬರೆದಿದ್ದರೆ ಮಕ್ಕಳ ಕೈಗೆ ಯಂತ್ರವನ್ನು ಧೈರ್ಯವಾಗಿ ಕೊಡಬಹುದು.